ಕಾರಣ ಹೇಳುವಂತಿಲ್ಲ

ತೂತು ಸಿಕ್ಕುತ್ತಿರಲಿಲ್ಲ. ಕಲ್ಪನ ರಸ್ತೆ ಬದಿಯ ಹುಣಸೆ ಮರದ ಬೇರಿನ ಮೇಲೆ ಕೂತು, ಗಾಳಿ ತುಂಬಿದ ಟ್ಯೂಬನ್ನು ಕಿವಿಯ ಹತ್ತಿರ ಹಿಡಿದು ಬೆರಳಗಲ ಬೆರಳಗಲವೇ ತಿರುಗಿಸುತ್ತಿದ್ದಳು. ಒಂದು ಲಾರಿ ಹೋದರೆ ಮತ್ತೆ ಮೊದಲಿನಿಂದ ಕೇಳಬೇಕು. ಲಾರಿಯ ಸದ್ದು ಅಡಗಿದ ಮೇಲೆ ಎದುರುಗಾಳಿ, ಅದರ ಕೆಳಗೆ ಹುಣಸೆ ಎಲೆಗಳು, ಅದಕ್ಕೂ ಕೆಳಗೆ ಎಲ್ಲೋ ಒಂದು ಸಣ್ಣ ಉಸಿರು ಇರಲೇಬೇಕು. ಮೊದಲನೇ ತೂತನ್ನು ಮುಚ್ಚಿ ಎರಡು ಕಿಲೋಮೀಟರ್ ಬರುವುದರೊಳಗೆ ಚಕ್ರ ಮತ್ತೆ ಕೂತಿತ್ತು. ಜೊತೆಯಲ್ಲಿ ತಂದಿದ್ದ ಹೊಸ ಟ್ಯೂಬು ಪಲಮನೇರಿನ ಹತ್ತಿರವೇ ಹೋಗಿತ್ತು.

"ಟೈಮೆಷ್ಟು ಸಾರ್?"

"ಕೇಳ್ಬೇಡಮ್ಮಾ. ಕೇಳಿದ್ರೆ ಕೈ ನಡುಗುತ್ತೆ. ಮೊದ್ಲು ತೂತು ಹುಡುಕು," ಎಂದರು ನಂದಕುಮಾರ್. ಐವತ್ನಾಲ್ಕು ವರ್ಷದ ಆಟದ ಮೇಷ್ಟ್ರು, ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಲೈನುಮನೆಗಳವರು. ತಮ್ಮ ಸೈಕಲ್ಲನ್ನು ಮರಕ್ಕೆ ಒರಗಿಸಿ, ಅವಳ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಟೈರಿನ ಒಳಗೆ ಮುಳ್ಳಿದೆಯೇ ಎಂದು ಹೆಬ್ಬೆರಳಿಂದ ಸವರುತ್ತಿದ್ದರು. ಸವಾರಿಯಲ್ಲಿರುವವರು ಸವಾರಿಯಲ್ಲಿರುವವರಿಗೆ ಕೈಜೋಡಿಸಬಹುದು. ಅದಕ್ಕೆ ಅಡ್ಡಿಯಿಲ್ಲ.

ಉಸಿರು ಸಿಕ್ಕಿತು. ಅವಳು ಅಲ್ಲಿಗೆ ಉಗುರು ಒತ್ತಿ ಗುರುತು ಮಾಡಿಕೊಂಡು, ಉಜ್ಜಿ, ಅಂಟು ಹಚ್ಚಿ ಊದುತ್ತಿರುವಾಗ ಫೋನು ಹೊಡೆದುಕೊಂಡಿತು. ಕೈಯೆಲ್ಲ ಅಂಟು. ನಂದಕುಮಾರ್ ಅವಳ ಬೆನ್ನಿನ ಜೇಬಿನಿಂದ ಫೋನು ತೆಗೆದು ಸ್ಪೀಕರ್ ಒತ್ತಿ ಮುಂದೆ ಹಿಡಿದರು. ಗಂಡ ಸಾಯಿಕುಮಾರ್.

"ಎಲ್ಲಿದೀಯೇ?"

"ವಿ.ಕೋಟೆಯಿಂದ ಈಚೆಗೆ. ಪಂಚರಾಗೈತೆ. ಆಮೇಲೆ ಮಾಡ್ಲಾ?"

"ಇಡಬ್ಯಾಡ, ಇಡಬ್ಯಾಡ. ಅಮ್ಮ ಬೆಳಗ್ಗಿಂದ ಒಂದ್ ತೊಟ್ಟು ನೀರು ಕುಡಿದಿಲ್ಲ ಕಣೇ. ಈವಾಗ ಬಾಯ್ಬಿಟ್ಳು. ಗಂಗಮ್ಮಂಗೆ ಅರಕೆ ಒತ್ಕೊಂಡವಳೆ. ನೀನು ಇನ್ನೂರು ಮೈಲಿ ತುಳಿದು..."

"ಕಿಲೋಮೀಟ್ರು."

"ಯಾವ್ದೋ ಒಂದು. ತುಳಿದು ಸುಕವಾಗಿ ನಮ್ಮೂರ ಗೇಟಿಗೆ ಬಂದು, ತಂಬಿಟ್ಟಿನ ಆರತಿ ಎತ್ತಿಸ್ಕೊಂಡು, ಅವಳ ಕೈಯಿಂದ ತಂಬಿಟ್ಟು ತಿನ್ನೋಗಂಟ ಅವಳು ಉಗುಳೂ ನುಂಗಲ್ವಂತೆ. ಯಾರಿಗೂ ಏಳ್ಬಾರ್ದು ಅಂತ ಮನಸ್ನಾಗೇ ಮಡೀಕೊಂಡಿದ್ಳಂತೆ."

"ಮಾತ್ರೆ?" ಎಂದಳು ಕಲ್ಪನ.

"ಅದನ್ನೇ ಏಳ್ತಿರೋದು. ಸಕ್ಕರೆ ಕಾಯ್ಲೆ ಮಾತ್ರೆ ಬೆಳಗ್ಗೇನೇ ನುಂಗವಳೆ, ಒಣಗಂಟ್ಲಾಗೆ. ಮಾತ್ರೆ ಊಟ ಅಲ್ವಲ್ಲಾ, ಅದರಿಂದ ಅರಕೆ ಕೆಡಲ್ಲ ಅಂತಾಳೆ. ಒಟ್ಟೆಗೆ ಮಾತ್ರ ಏನೂ ಇಲ್ಲ. ಬೆವರ್ತಾವಳೆ, ಕೈ ತಣ್ಣಗಾಗವೆ. ಅಪ್ಪ ಬೈದ್ರು. ನಾನು ಬೆಲ್ಲ ಬಾಯಿಗಿಡಾಕೋದ್ರೆ ಸೆರಗು ಮುಚ್ಕೊಂಡು ಕೂತ್ಕೊಂಡ್ಳು. ಗೇಟತ್ರ ಗಂಗಮ್ಮನ ಕಲ್ಲಿನ ಮುಂದೇನೇ ಅವಳೆ. ಎಷ್ಟೊತ್ತಿಗೆ ಬತ್ತೀಯಾ?"

ಕಲ್ಪನ ಅಂಟು ಒಣಗಿದೆಯೇ ಎಂದು ನೋಡಿದಳು. "ಬತ್ತೀನಿ," ಎಂದಳು. ನಂದಕುಮಾರ್ ಫೋನನ್ನು ಮತ್ತೆ ಅವಳ ಜೇಬಿಗೆ ಇಳಿಸಿದರು. ಚಕ್ರ ಕೂಡಿಸಿ, ಗಾಳಿ ಹೊಡೆದು, ಇಬ್ಬರೂ ಸೈಕಲ್ ಹತ್ತಿದರು. ಆಗ ಐದು ಐವತ್ತೈದು. ಇನ್ನು ಇಪ್ಪತ್ತಾರು ಕಿಲೋಮೀಟರ್. ಏಳೂವರೆಗೆ ಮುಗಿಯಬೇಕು.

ಒಂದು ಏರು ಹತ್ತಿ ಇಳಿದ ಮೇಲೆ ನಂದಕುಮಾರ್ ಮುಂದೆ ನೋಡುತ್ತಲೇ ಹೇಳಿದರು. "ನಿಮ್ಮೂರ ಗೇಟು ಕಂಟ್ರೋಲ್ ಅಲ್ಲ, ಕಲ್ಪನ."

"ಗೊತ್ತು ಸಾರ್."

ಅವರ ಸೈಕಲ್ ಬಳಗದಲ್ಲಿ ಒಂಬತ್ತು ಜನ. ವರ್ಷಕ್ಕೆ ಎರಡು ಸೀಸನ್ನು: ಮಳೆ ಶುರುವಾದಂದಿನಿಂದ ದಸರದವರೆಗೆ ಒಂದು, ದೀಪಾವಳಿಯಿಂದ ಶಿವರಾತ್ರಿವರೆಗೆ ಇನ್ನೊಂದು. ಸೀಸನ್ನಿನ ಮೊದಲ ಭಾನುವಾರ ನಂದಿದುರ್ಗದ ಹಳೇ ಕ್ಲಬ್ಬಿನ ಜಗಲಿಯ ಮೇಲೆ ಸೇರಿ, ಒಬ್ಬೊಬ್ಬರೂ ಒಂದೊಂದು ಚೀಟಿಯಲ್ಲಿ ತಮ್ಮ ಗುರಿ ಬರೆದು ನಂದಕುಮಾರ್ ಕೈಗೆ ಕೊಡುತ್ತಾರೆ. ಬಂಗಾರಪೇಟೆಯ ಮೇಲ್ಸೇತುವೆಯನ್ನು ಇಳಿಯದೆ ಹತ್ತುವುದು ಒಬ್ಬರ ಗುರಿಯಾದರೆ, ತಿಂಗಳಿಗೆ ಒಂದು ನೂರು ಇನ್ನೊಬ್ಬರದು. ಸೀಸನ್ನಿನ ಕೊನೆಯ ಸವಾರಿ ಮುಗಿದ ಸಂಜೆ ಅದೇ ಜಗಲಿಯ ಮೇಲೆ ನಂದಕುಮಾರ್ ಚೀಟಿಗಳನ್ನು ಓದುತ್ತಾರೆ. ಬರೆದವರು ಒಂದೇ ಮಾತು ಹೇಳಬೇಕು: ಆಯಿತು, ಇಲ್ಲವೆ ಆಗಲಿಲ್ಲ. ಮಳೆ, ಪಂಚರು, ಜ್ವರ, ಮಗುವಿನ ಪರೀಕ್ಷೆ ಯಾವುದನ್ನೂ ಹೇಳುವಂತಿಲ್ಲ. ಕಾರಣ ಹೇಳಲು ಬಿಟ್ಟರೆ ಎಲ್ಲರದೂ ಆದಂತೆಯೇ ಎಂಬುದು ಅವರ ವಾದ.

ಕಲ್ಪನ ಮೂರು ಸೀಸನ್ನಿನಿಂದ ಒಂದೇ ಸಾಲು ಬರೆದಿದ್ದಳು. ಇನ್ನೂರು ಕಿಲೋಮೀಟರ್, ಹದಿಮೂರೂವರೆ ಗಂಟೆ. ಕೆ.ಜಿ.ಎಫ್., ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಗಡಿ ದಾಟಿ ಪುಂಗನೂರು, ಪಲಮನೇರು, ವಿ.ಕೋಟೆ, ಮತ್ತೆ ಬೇತಮಂಗಲದ ಮೇಲೆ ಕೆ.ಜಿ.ಎಫ್. ಮೊದಲ ಸಲ ದಾರಿ ತಪ್ಪಿ ನಲವತ್ತು ನಿಮಿಷ ತಡವಾದಳು. ಎರಡನೇ ಸಲ, ಹೋದ ಮಳೆಗಾಲದಲ್ಲಿ, ಪಲಮನೇರಿನ ಇಳಿಜಾರಿನಲ್ಲಿ ಕಾಲು ಹಿಡಿದುಕೊಂಡು ರಸ್ತೆಗೇ ಬಿದ್ದಳು. ಹಿಂದಿದ್ದ ಲಾರಿಯ ಚಕ್ರ ಅವಳ ತಲೆಯಿಂದ ಮೊಳದೂರದಲ್ಲಿ ನಿಂತಿತ್ತು. ಸಾಯಿಕುಮಾರ್ ಹೋಗಿ ಬೈಕಿನ ಹಿಂದೆ ಕೂಡಿಸಿಕೊಂಡು ಬಂದಿದ್ದ. ಅತ್ತೆ ಮುನಿನಾರಾಯಣಮ್ಮ ಮಂಡಿಯ ಗಾಯಕ್ಕೆ ಅರಿಶಿನ ಹಚ್ಚಿದವರು, ಬೇಡ ಅನ್ನಲಿಲ್ಲ, ಸಾಕು ಅನ್ನಲಿಲ್ಲ, ಏನೂ ಅನ್ನಲಿಲ್ಲ. ಹರಕೆ ಹೊತ್ತದ್ದು ಅವತ್ತೇ ಇರಬೇಕು ಎಂದು ಈಗ ಹೊಳೆಯಿತು.

ಮೂರನೆಯದು ಇದು, ಕೊನೆಯದೂ ಹೌದು. ಕಲ್ಪನ ಊರ ಹಾಲಿನ ಡೈರಿಯಲ್ಲಿ ಹಾಲು ಅಳೆಯುವವಳು. ಏಪ್ರಿಲಿನಿಂದ ಅವಳನ್ನೇ ಕಾರ್ಯದರ್ಶಿ ಮಾಡುವುದೆಂದು ಅಧ್ಯಕ್ಷ ಜಯರಾಮಪ್ಪ ಹೇಳಿಯಾಗಿತ್ತು. ಎರಡು ಹೊತ್ತಿನ ಹಾಲೂ ಅವಳದೇ, ಹಸುಗಳಿಗೆ ಭಾನುವಾರ ಇಲ್ಲ. "ಮೂರು ಸಲ ಅಂತ ಒಪ್ಕೊಂಡಿದೀನಿ, ನಾಕನೇದು ಕೇಳ್ಬ್ಯಾಡ," ಎಂದು ಸಾಯಿಕುಮಾರನೂ ಮೊದಲೇ ಕಟ್ಟು ಹಾಕಿದ್ದ.

ಇನ್ನು ಕಂಟ್ರೋಲಿನ ಮಾತು. ದಾರಿಯಲ್ಲಿ ನಾಲ್ಕು ಕಡೆ ಕಾರ್ಡಿಗೆ ಮುದ್ರೆ ಹಾಕುವ ಜಾಗಗಳಿವೆ. ಅಲ್ಲಿ ಮನೆಯವರು ಬಂದು ಊಟ ಕೊಡಬಹುದು, ಕಾಲು ಒತ್ತಬಹುದು. ಎರಡು ಕಂಟ್ರೋಲುಗಳ ನಡುವೆ ಮಾತ್ರ ತನ್ನವರ ಕೈಯಿಂದ ಒಂದು ಹನಿ ನೀರೂ ಕೂಡದು. ಅಂಗಡಿಯಲ್ಲಿ ಕೊಳ್ಳಬಹುದು, ಬೋರ್‌ವೆಲ್ಲಿನಲ್ಲಿ ಕುಡಿಯಬಹುದು. ಹೋದ ವರ್ಷ ಬಂಗಾರಪೇಟೆಯವನೊಬ್ಬ ತಮ್ಮನ ಕಾರಿನಿಂದ ಎಳನೀರು ಕುಡಿದದ್ದಕ್ಕೆ ಅವನ ಕಾರ್ಡನ್ನು ಹೊಡೆದುಹಾಕಿದ್ದರು. ಕೊನೆಯ ಕಂಟ್ರೋಲು ವಿ.ಕೋಟೆ. ಅದಾದ ಮೇಲೆ ನೇರ ನಂದಿದುರ್ಗ. ಊರ ಗೇಟು, ಅಂದರೆ ಹಳ್ಳಿಗೆ ಮಣ್ಣುರಸ್ತೆ ಒಡೆಯುವ ಜಾಗ, ಇವೆರಡರ ನಡುವೆ.

ಹೊತ್ತು ಮುಳುಗುತ್ತಿತ್ತು. ಎದುರುಗಾಳಿ ಎದೆಗೆ ಕೈಯಿಟ್ಟು ತಳ್ಳಿದ ಹಾಗೆ ಬೀಸುತ್ತಿತ್ತು. ಕಲ್ಪನ ತುಳಿಯುವಾಗ ಯಾವತ್ತೂ ಗಡಿಯಾರ ನೋಡುವವಳಲ್ಲ. ಮಾವ ಕದಿರಪ್ಪ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಭಾರತ ಓದುತ್ತಾರೆ. ಒಂದು ಪದ್ಯ ಒಂದೇ ಉಸಿರಿನಲ್ಲಿ ಏರಿ, ಒಂದು ಕಡೆ ನಿಂತು, ಇಳಿದು ಬರುತ್ತದೆ. ಹಿಟ್ಟು ನಾದುತ್ತ ಎಂಟು ವರ್ಷ ಕೇಳಿದ ಆ ಏರಿಳಿತ ಅವಳ ಕಾಲಿಗೆ ಇಳಿದಿತ್ತು. ಅರ್ಥ ಎಷ್ಟೋ ಕಡೆ ಗೊತ್ತಿಲ್ಲ, ನಿಲ್ಲುವ ಜಾಗ ಮಾತ್ರ ಗೊತ್ತು. ಇವತ್ತು ಮುಳಬಾಗಿಲಿನ ಏರನ್ನೂ ಅದರಲ್ಲೇ ಹತ್ತಿದ್ದಳು. ಈಗ ಎಷ್ಟು ಎಳೆದರೂ ಪದ್ಯ ಬರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಲ್ಲಿನ ಮುಂದೆ ಕೂತ ಅತ್ತೆಯೇ ಕಣ್ಣ ಮುಂದೆ ಬರುತ್ತಿದ್ದರು.

"ಒಂದ್ ಐಡಿಯ," ಎಂದರು ನಂದಕುಮಾರ್, ಉಸಿರುಬಿಡುತ್ತ. "ಒಂದ್ ರುಪಾಯಿ ಕೊಟ್ಬಿಡು ನಿಮ್ಮತ್ತೆಗೆ. ಅಂಗಡೀಲಿ ತಗೊಂಡಂಗಾಯ್ತು."

ಅವಳು ನಗಲಿಲ್ಲ. "ಗಂಗಮ್ಮನ ತಂಬಿಟ್ಟು ಸಾರ್ ಅದು. ಮಾರ್ತಾರಾ?"

"ತಮಾಷೆಗೆ ಹೇಳ್ದೆ ಮ್ಮಾ."

ಮತ್ತೆ ಎರಡು ಕಿಲೋಮೀಟರ್ ತುಳಿದರು. ಆಮೇಲೆ ಅವರೇ, ಇನ್ನೂ ತಗ್ಗಿದ ದನಿಯಲ್ಲಿ, "ಗೇಟು ಬರೋಕ್ ಮುಂಚೆ ನಾನು ಸ್ವಲ್ಪ ಜೋರಾಗಿ ಹೋಗ್ತೀನಿ. ನಾನ್ ಹಿಂದೆ ತಿರುಗಿ ನೋಡಲ್ಲ," ಎಂದರು.

ಕಲ್ಪನ ಅವರತ್ತ ತಿರುಗಿದಳು. ಎಳನೀರಿನವನ ಕಾರ್ಡಿನ ಮೇಲೆ ಅಡ್ಡಗೀಟು ಎಳೆದದ್ದು ಇದೇ ಕೈ. ಆವತ್ತು ಅವನು ಕಾಲಿಗೆ ಬಿದ್ದರೂ ಇವರು ಕರಗಿರಲಿಲ್ಲ. ಈಗ ಅವರ ಕಿವಿಯವರೆಗೂ ಕೆಂಪಾಗಿತ್ತು. ಏರು ಹತ್ತಿದ್ದಕ್ಕೋ ಏನೋ.

"ಬ್ಯಾಡ ಸಾರ್," ಎಂದಳು. "ನೀವು ಎಂಗೋಗ್ತೀರೋ ಅಂಗೇ ಓಗಿ."

ಆರು ನಲವತ್ತಕ್ಕೆ ಗೇಟು ಕಂಡಿತು. ಮೊದಲು ಕಂಡದ್ದು ದೀಪ. ಬೇವಿನ ಮರದ ಕೆಳಗಿನ ಗಂಗಮ್ಮನ ಕಲ್ಲಿನ ಮುಂದೆ, ಹಿತ್ತಾಳೆ ತಟ್ಟೆಯಲ್ಲಿ ಸೇವಂತಿಗೆಯ ನಡುವೆ ಕೂಡಿಸಿದ ತಂಬಿಟ್ಟಿನ ಆರತಿ. ಅಕ್ಕಿಹಿಟ್ಟು ಬೆಲ್ಲ ಕಲಸಿ ಗೋಪುರದ ಹಾಗೆ ಮಾಡಿ, ತಲೆಯಲ್ಲಿ ಗುಳಿ ತೆಗೆದು, ತುಪ್ಪ ಹಾಕಿ ಬತ್ತಿ ಹೊತ್ತಿಸಿದ್ದರು. ಅದರ ಹಿಂದೆ ಸೀರೆ ಸೆರಗು ಹೊದ್ದು ಗೋಣಿಚೀಲದ ಮೇಲೆ ಕೂತ ಅತ್ತೆ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕದಿರಪ್ಪ, ಬೈಕಿಗೆ ಒರಗಿ ನಿಂತ ಸಾಯಿಕುಮಾರ್, ಸೊಂಟದ ಮೇಲೆ ಕೈಯಿಟ್ಟ ಪಕ್ಕದ ಮನೆಯ ದೊಡ್ಡಮುನಿಯಮ್ಮ.

"ಬಂದ್ಳು ನೋಡಮ್ಮೋ ರಾಣಿ," ಎಂದು ದೊಡ್ಡಮುನಿಯಮ್ಮ ದೂರದಿಂದಲೇ ಶುರು ಮಾಡಿದಳು. "ಸೊಸೆ ಸೈಕಲ್ ತುಳಿಯಾದು, ಅತ್ತೆ ಉಪಾಸ ಬೀಳಾದು. ಚೆಂದಾಗೈತೆ ನಿಮ್ಮ ಸಂಸಾರ!"

ನಂದಕುಮಾರ್ ವೇಗ ಹೆಚ್ಚಿಸಲಿಲ್ಲ. ಇಪ್ಪತ್ತು ಮಾರು ಮುಂದೆ ಹೋಗಿ ಕಾಲೂರಿ ನಿಂತರು, ಮುಖ ಬೇತಮಂಗಲದ ಕಡೆ ತಿರುಗಿಸಿಕೊಂಡು.

ಕಲ್ಪನ ಸೈಕಲ್ಲನ್ನು ನೆಲಕ್ಕೆ ಮಲಗಿಸಿ ಓಡಿದಳು. ಮಂಡಿ ಮಡಚಲು ಬರದೆ ಬಿದ್ದ ಹಾಗೆ ಕೂತಳು. ಅತ್ತೆಯ ಕೈ ಹಿಡಿದರೆ ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು, ಒದ್ದೆಯಾಗಿತ್ತು.

"ಅತ್ತೆ, ಮೊದ್ಲು ನೀವು ಬಾಯಿಗಾಕ್ಕೊಳ್ಳಿ. ಒಂದ್ ಚೂರು ಬೆಲ್ಲ."

ಮುನಿನಾರಾಯಣಮ್ಮ ತಲೆಯಾಡಿಸಿದರು. ನಾಲಿಗೆ ಅಂಗುಳಕ್ಕೆ ಅಂಟಿದ್ದರಿಂದ ಮಾತು ಮುರಿದು ಮುರಿದು ಬಂತು. "ನೀನು... ಮೊದ್ಲು. ಅಂಗೇ ಏಳ್ಕೊಂಡಿರಾದು ನಾನು."

"ಗಂಗಮ್ಮ ಏನೂ ಅನ್ಕೊಳ್ಳಲ್ಲ ಅತ್ತೆ."

"ಅವಳು ಅನ್ಕೊಳ್ಳಲ್ಲ. ಏಳ್ದೋಳು... ನಾನಲ್ವಾ?"

"ಎರಡು ಗಂಟೇಲಿಂದ ಇದೇ ರಾಗ," ಎಂದ ಸಾಯಿಕುಮಾರ್. ದನಿ ಅಳುವಿನ ಹತ್ತಿರ ಬಂದಿತ್ತು. "ಡಾಕ್ಟ್ರತ್ರ ಓಗಾನ ಅಂದ್ರೆ ಸೀಮೆ ದಾಟಂಗಿಲ್ವಂತೆ. ತಿಂದ್ಬಿಡೇ ಬೇಗ. ನಿಂಗೇನ್ ಯೋಚ್ನೆ? ಒಂದ್ ತುತ್ತು ತಾನೆ?"

ಒಂದು ತುತ್ತು ತಾನೆ. ಅವನಿಗೆ ನಿಯಮ ಗೊತ್ತಿರಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಕಲ್ಪನಳಿಗೆ ಸ್ಪಷ್ಟವಾಗಿ ಕಾಣಿಸಿತು. ಅತ್ತೆ ನೇಮದ ಹೆಂಗಸು. ನಿಂದೂ ಒಂದು ಕಟ್ಟು ಅಂತ ಇದ್ದರೆ ಹೋಗು, ಮುಗಿಸಿ ವಾಪಸ್ ಬಾ, ಅಲ್ಲಿಗಂಟ ಕಾಯ್ತೀನಿ ಎನ್ನುತ್ತಾರೆ. ಹಾಗೇ ಅನ್ನುತ್ತಾರೆ, ಹಾಗೇ ಕೂರುತ್ತಾರೆ. ಹೋಗಿ ಬರಲು ಒಂದೂವರೆ ಗಂಟೆ.

ಅತ್ತೆ ತಟ್ಟೆ ಎತ್ತಿದರು. ಎತ್ತಲಾಗದೆ ತಟ್ಟೆ ವಾಲಿತು. ಕದಿರಪ್ಪ ಒಂದು ಕಡೆ ಕೈಕೊಟ್ಟರು. ಮೂರು ಸುತ್ತು ಬೆಳಗುವಾಗ ದೀಪ ಗಾಳಿಗಲ್ಲ, ಕೈಗೆ ನಡುಗುತ್ತಿತ್ತು. ಆಮೇಲೆ ಅವರು ಆರತಿಯ ಬುಡದಿಂದ ಒಂದು ಚೂರು ಮುರಿದು ಸೊಸೆಯ ಕಡೆ ಚಾಚಿದರು.

ಕಲ್ಪನ ಅದನ್ನು ಅಂಗೈಯಲ್ಲಿ ತೆಗೆದುಕೊಂಡಳು. ಕೈಗವಸಿನ ಒಳಗೆ ಜಾರಿಸಿಬಿಡಬಹುದು. ಬಾಯಿಗಿಟ್ಟು ದವಡೆಯಲ್ಲಿ ಒತ್ತಿಟ್ಟುಕೊಂಡು, ಆ ತಿರುವಿನಾಚೆ ಉಗಿಯಬಹುದು. ಕತ್ತಲಾಗುತ್ತಿತ್ತು, ಅತ್ತೆಯ ಕಣ್ಣು ಮೊದಲೇ ಮಂಜು. ಇಪ್ಪತ್ತು ಮಾರು ದೂರದಲ್ಲಿ ನಿಂತ ಮನುಷ್ಯ ತಿರುಗಿ ನೋಡುತ್ತಿರಲಿಲ್ಲ. ಬೇತಮಂಗಲದ ಕಡೆಯಿಂದ ಒಂದು ಬೈಕಿನ ಬೆಳಕು ಬರುತ್ತಿತ್ತು. ಸವಾರಿಯ ತಪಾಸಣೆಯವರು ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಬೈಕಿನಲ್ಲೇ ತಿರುಗುತ್ತಾರೆ. ಅವಳು ಅಂಗೈ ಮುಚ್ಚಿಕೊಂಡಳು. ಬೈಕು ಹತ್ತಿರ ಬಂತು. ಎರಡು ಕಡೆ ಖಾಲಿ ಕ್ಯಾನು ಕಟ್ಟಿಕೊಂಡ ಹಾಲಿನವನು, ಗಂಗಮ್ಮನಿಗೆ ಒಂದು ಕೈ ಎತ್ತಿ ಹಾದುಹೋದ.

"ತಿನ್ನಮ್ಮೀ," ಎಂದರು ಅತ್ತೆ.

ಅವಳು ತಿಂದಳು. ಅಗಿದು, ನುಂಗಿ, ಬಾಯಿ ತೆರೆದು ತೋರಿಸಿದಳು, ಮಕ್ಕಳು ತೋರಿಸುವ ಹಾಗೆ. ಆಮೇಲೆ ಆರತಿಯಿಂದ ದೊಡ್ಡದೊಂದು ಚೂರು ಮುರಿದು ಅತ್ತೆಯ ಬಾಯಿಗಿಟ್ಟಳು. ಕದಿರಪ್ಪ ಚೊಂಬು ಎತ್ತಿ ಹಿಡಿದರು. ಒಣ ತಂಬಿಟ್ಟು ಗಂಟಲಿಗೆ ಅಂಟಿ ಅತ್ತೆ ಕೆಮ್ಮಿದರು, ಕುಡಿದರು, ಮತ್ತೆ ಕೆಮ್ಮಿದರು. ದೊಡ್ಡಮುನಿಯಮ್ಮ ಬೈಯುತ್ತಲೇ ಬೆನ್ನು ನೀವಿದಳು. "ಸಾಯ್ತಿದ್ಯಲ್ಲೇ ಮುಂಡೇದೆ. ಸೊಸೇನ ಕಾಪಾಡು ಅಂತ ಅರಕೆ ಒತ್ತು, ನೀನೇ ಒಂಟೋಗ್ತಿದ್ಯಲ್ಲಾ."

ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣಿನಲ್ಲಿ ನೋಟ ಬಂತು. ಮೊದಲು ನೋಡಿದ್ದು ನೆಲದ ಮೇಲೆ ಬಿದ್ದ ಸೈಕಲ್ಲನ್ನು. "ಯಾಕಮ್ಮೀ ಇನ್ನೂ ಕೂತಿದೀಯಾ? ಟೈಮಾಗಲ್ವಾ? ಓಗು, ಓಗು."

ಆರು ಐವತ್ತೆರಡು. ಹದಿನಾಲ್ಕು ಕಿಲೋಮೀಟರ್. ಇನ್ನು ಯಾಕೆ ತುಳಿಯಬೇಕು ಎಂದು ಕಲ್ಪನಳ ಕಾಲು ಕೇಳಿತು. ಆದರೆ ಅತ್ತೆ ನೋಡುತ್ತಿದ್ದರು. ಸೈಕಲ್ ಎತ್ತಿಕೊಂಡಳು.

ನಂದಕುಮಾರ್ ಅವಳ ಮುಂದೆ ಬಂದು ಗಾಳಿಗೆ ಅಡ್ಡವಾಗಿ ತುಳಿದರು. ಬೇತಮಂಗಲದ ಕೆರೆ ಕಟ್ಟೆಯ ಮೇಲೆ ಅವರ ಬೆನ್ನು ಬಿಟ್ಟರೆ ಅವಳಿಗೆ ಏನೂ ಕಾಣಲಿಲ್ಲ. ಕೊನೆಯ ಏರಿನಲ್ಲಿ ಕಣ್ಣು ಕತ್ತಲೆ ಬಂದಾಗ, ಕೇಳದೆಯೇ ಪದ್ಯ ತಾನಾಗಿ ಬಂತು. ಏರಿತು, ನಿಂತಿತು, ಇಳಿಯಿತು. ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಬೋಳು ಬೆನ್ನುಗಳು ಆಕಾಶಕ್ಕೆ ಎದುರಾಗಿ ಕಂಡವು. ನಂದಿದುರ್ಗದ ಲೈನಿನ ಮನೆಗಳಲ್ಲಿ ದೀಪ ಹಚ್ಚಿದ್ದರು. ಕ್ಲಬ್ಬಿನ ಜಗಲಿಯ ಮುಂದೆ ಕಾಲೂರಿದಾಗ ಏಳು ಇಪ್ಪತ್ತೇಳು.

ಬಳಗದವರೆಲ್ಲ ಚಪ್ಪಾಳೆ ತಟ್ಟಿದರು. ಮೇಜಿನ ಹಿಂದೆ ನರ್ಸ್ ಶಶಿರೇಖ ಕೂತಿದ್ದಳು. ಈ ಸಲದ ಕಾರ್ಡುಗಳ ಜವಾಬ್ದಾರಿ ಅವಳದು. "ಮೂರು ನಿಮಿಷ ಉಳಿಸ್ದೆ ಕಣೇ! ನನ್ ಜೀವ ಬಾಯಿಗ್ ಬಂದಿತ್ತು," ಎನ್ನುತ್ತ ಕಾರ್ಡನ್ನು ತಿರುಗಿಸಿ ಪೆನ್ನು ಕೊಟ್ಟಳು. ಹಿಂಬದಿಯಲ್ಲಿ ಅಚ್ಚಾಗಿದ್ದ ಸಾಲು ಎಲ್ಲರಿಗೂ ಬಾಯಿಪಾಠ. ಕಂಟ್ರೋಲುಗಳ ನಡುವೆ ನನ್ನವರಿಂದ ಏನನ್ನೂ ಪಡೆದಿಲ್ಲ. ಅದರ ಕೆಳಗೆ ಸಹಿ.

ಕಲ್ಪನ ಪೆನ್ನು ಹಿಡಿದು ನಿಂತಳು. ಹಲ್ಲಿನ ಸಂದಿಯಲ್ಲಿ ಬೆಲ್ಲದ ರುಚಿ ಇನ್ನೂ ಇತ್ತು.

ನಂದಕುಮಾರ್ ಪಕ್ಕಕ್ಕೆ ಬಂದರು. ಬೇರೆ ಯಾರಿಗೂ ಕೇಳದಂತೆ, "ನಾನು ನೋಡ್ಲಿಲ್ಲ ಕಲ್ಪನ," ಎಂದರು.

"ನಾನು ತಿಂದೆ ಸಾರ್."

ಅವಳು ಪೆನ್ನನ್ನು ಮೇಜಿನ ಮೇಲಿಟ್ಟು, ಸಹಿಯಿಲ್ಲದ ಕಾರ್ಡನ್ನು ಶಶಿರೇಖಳ ಕಡೆ ಸರಿಸಿದಳು. ಶಶಿರೇಖ ಒಮ್ಮೆ ಅವಳನ್ನು, ಒಮ್ಮೆ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಕೆಂಪು ಪೆನ್ನಿಗಾಗಿ ಅಂಗಿಯ ಜೇಬು ತಡಕಿದರು. ಎಷ್ಟು ತಡಕಿದರೂ ಸಿಗಲಿಲ್ಲ. ಕೊನೆಗೆ ಶಶಿರೇಖಳೇ ತನ್ನ ನೀಲಿ ಪೆನ್ನಿನಿಂದ ಒಂದು ಗೀಟು ಎಳೆದಳು.

ಎಂಟು ಗಂಟೆಗೆ ಎಲ್ಲರೂ ಜಗಲಿಯ ಮೇಲೆ ಸುತ್ತ ಕೂತರು. ನಂದಕುಮಾರ್ ಚೀಟಿಗಳನ್ನು ಒಂದೊಂದಾಗಿ ಓದಿದರು. ಆಯಿತು. ಆಯಿತು. ಆಗಲಿಲ್ಲ. ಆಯಿತು. ಅವಳ ಚೀಟಿ ಆರನೆಯದು. ಅದನ್ನು ಬಿಚ್ಚಿ, ಒಂದು ಗುಟುಕು ನೀರು ಕುಡಿದು ಓದಿದರು. "ಇನ್ನೂರು ಕಿಲೋಮೀಟರ್, ಹದಿಮೂರೂವರೆ ಗಂಟೆ."

"ಆಗಲಿಲ್ಲ," ಎಂದಳು ಕಲ್ಪನ.

"ಅಲ್ರೀ, ಟೈಮ್‌ಗೆ ಬಂದ್ರಲ್ಲ? ನಾವೇ ನೋಡಿದ್ವಲ್ಲ?" ಎಂದು ಹಿಂದೆ ಕೂತವನೊಬ್ಬ ಎದ್ದ. "ಇದೇನ್ ಅನ್ಯಾಯ, ಕಾರಣ ಆದ್ರೂ..."

"ಕಾರಣ ಹೇಳಂಗಿಲ್ಲ," ಎಂದರು ನಂದಕುಮಾರ್. ತಡೆದು, "ಕೇಳಂಗೂ ಇಲ್ಲ," ಎಂದರು. ಆಮೇಲೆ ತಮ್ಮದೇ ಚೀಟಿ ಬಿಚ್ಚಿದರು. ಅದರಲ್ಲೂ ಅದೇ ಇನ್ನೂರು. ಓದಿ, ಯಾರ ಮುಖವನ್ನೂ ನೋಡದೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ "ಆಯಿತು" ಎಂದರು.

ಸಾಯಿಕುಮಾರ್ ಬೈಕು ತಂದು ಕರೆದುಕೊಂಡು ಹೋದ. ಅಮ್ಮ ಮುದ್ದೆ ಉಂಡಳು, ಬೇತಮಂಗಲದ ಡಾಕ್ಟರು ನೋಡಿ ಬೈದು ಮಾತ್ರೆ ಬದಲಾಯಿಸಿದರು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಅವಳ ಸವಾರಿಯ ವಿಷಯ ಕೇಳಲಿಲ್ಲ. ಗೇಟು ದಾಟಿ ಬಂದಳಲ್ಲ, ಅವನ ಲೆಕ್ಕಕ್ಕೆ ಅದು ಮುಗಿದಿತ್ತು.

ಒಳಮನೆಯಲ್ಲಿ ಚಾಪೆಯ ಮೇಲೆ ಅತ್ತೆ ಮಲಗಿದ್ದರು. ಕಲ್ಪನ ಕಾಲು ತೊಳೆದುಕೊಂಡು ಬಂದು ತಲೆಯ ಹತ್ತಿರ ಕೂತಳು. ಹೊರಗೆ ಜಗಲಿಯಲ್ಲಿ ಮಾವ ಪುಸ್ತಕ ಬಿಚ್ಚಿರಲಿಲ್ಲ.

"ಬಂದ್ಯಾ? ಆಯ್ತೇನಮ್ಮೀ?"

ಕಲ್ಪನ ಅತ್ತೆಯ ಕೈ ಮುಟ್ಟಿ ನೋಡಿದಳು. ಬೆಚ್ಚಗಿತ್ತು.

"ಆಯ್ತು ಅತ್ತೆ."

"ಟೈಮಿಗೆ?"

"ಮೂರು ನಿಮಿಷ ಇತ್ತು."

ಮುನಿನಾರಾಯಣಮ್ಮ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಮಲಗಿದಲ್ಲಿಂದಲೇ ಹೇಳಿದರು. "ಆಗ್ದಿದ್ರೆ ಜಯರಾಮಪ್ಪಂತಾವ ನಾನೇ ಓಗಿ ಕೂತ್ಕೊಬೇಕು ಅಂತಿದ್ದೆ ಕಣಮ್ಮ. ಭಾನ್ವಾರದ್ ಆಲು ನನ್ ಮಗ ಅಳೀತಾನೆ, ನಮ್ಮುಡ್ಗಿಗೆ ಇನ್ನೊಂದ್ ಕಿತ ಬಿಟ್ಬಿಡಪ್ಪ, ಅಂತ. ಇವನು ಬಡ್ಕೊಂಡ್ರೆ ಬಡ್ಕೊಳ್ಲಿ ಅಂತ." ನಕ್ಕರು. "ಈಗ ಬ್ಯಾಡ. ಆಯ್ತಲ್ಲಾ. ಇನ್ನ ಸಾಕು."

ಕಲ್ಪನ ಏನೋ ಹೇಳಲು ಬಾಯಿ ತೆರೆದಳು. ಹೊರಗೆ ಮಾವ ಗಂಟಲು ಸರಿಮಾಡಿಕೊಂಡ ಸದ್ದು ಬಂತು, ಆದರೆ ಪದ್ಯ ಶುರುವಾಗಲಿಲ್ಲ.

"ಊಂ, ಸಾಕು," ಎಂದಳು.

"ನೀರು ಕೊಡಮ್ಮೀ. ಎಷ್ಟು ಕುಡಿದ್ರೂ ದಾವ ಆರ್ತಾ ಇಲ್ಲ."

ಅವಳು ಗುಡಾಣದಿಂದ ಚೊಂಬು ತುಂಬಿ ತಂದು, ಅತ್ತೆಯ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂಡಿಸಿದಳು. ಮುನಿನಾರಾಯಣಮ್ಮ ಎರಡು ಕೈಯಲ್ಲಿ ಚೊಂಬು ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ಕುಡಿಯತೊಡಗಿದರು. ಕಲ್ಪನ ಚೊಂಬಿಗಾಗಿ ಕೈ ಚಾಚಿಕೊಂಡೇ ಕೂತು, ಆ ಮುದಿ ಗಂಟಲಲ್ಲಿ ನೀರು ಒಂದೊಂದು ಗುಟುಕಾಗಿ ಇಳಿಯುವುದನ್ನು ಕೇಳುತ್ತಿದ್ದಳು.